ಬಲಗಾಲು ಗೇರಿನ ಹಳೇ ಬುಲೆಟ್: ದೋಷ ಕ್ಲಚ್ಚಿನದೋ, ಗೇರ್‌ಬಾಕ್ಸಿನದೋ?

ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ಒಂದು ಮೇಲೆ ಮೂರು ಕೆಳಗೆ. ಎರಕದ ಕಬ್ಬಿಣದ ಎಂಜಿನ್ನಿನ, ನಾಲ್ಕು ಗೇರಿನ ಆಲ್ಬಿಯನ್ ಮಾದರಿ ಗೇರ್‌ಬಾಕ್ಸಿನ ಆ ಹಳೇ ಬುಲೆಟ್ 350ರ ಬಗ್ಗೆ ಇದು. "ಗೇರ್ ಸರಿಯಾಗಿ ಬೀಳ್ತಿಲ್ಲ, ಬಾಕ್ಸ್ ಬಿಚ್ಚಬೇಕಂತೆ" ಎಂದು ಬರುವ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಬಾಕ್ಸಿಗೆ ಕೈ ಹಾಕುವ ಅಗತ್ಯವೇ ಇರುವುದಿಲ್ಲ. ಲಿವರ್ ಎಳೆದರೂ ಕ್ಲಚ್ ಪೂರ್ತಿ ಬಿಡದಿದ್ದರೆ, ಅಂದರೆ ಎಂಜಿನ್ನಿನಿಂದ ಬಾಕ್ಸನ್ನು ಬೇರೆ ಮಾಡದಿದ್ದರೆ, ಗೇರ್ ಕಟಕಟ ಎನ್ನುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಎಲ್ಲ ಸದ್ದೂ ಬಾಕ್ಸಿನಿಂದ ಬರುವುದರಿಂದ ಅನುಮಾನವೂ ಅದರ ಮೇಲೇ ಹೋಗುತ್ತದೆ. ಹಾಗಾಗಿ ನಾನು ಯಾವಾಗಲೂ ಹೊರಗಿನಿಂದ ಒಳಕ್ಕೆ ಹೋಗುತ್ತೇನೆ. ಕ್ಲಚ್ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಗೇರಿನ ಮಾತೇ ಇಲ್ಲ.

ಮೊದಲು ಗೊತ್ತಾಗಬೇಕಾದದ್ದು ಕ್ಲಚ್ ಜಾರುತ್ತಿದೆಯೋ, ಬಿಡುತ್ತಿಲ್ಲವೋ ಎಂಬುದು. ಜಾರುವ ಕ್ಲಚ್ ರಸ್ತೆಯಲ್ಲೇ ಸಿಕ್ಕಿಬೀಳುತ್ತದೆ. ಟಾಪ್ ಗೇರಿನಲ್ಲಿ 40ರ ವೇಗದಲ್ಲಿ ಏರು ಹತ್ತಿಸುತ್ತ ಆಕ್ಸಿಲೇಟರ್ ಪೂರ್ತಿ ತಿರುಗಿಸಿದರೆ ಎಂಜಿನ್ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಕಿಕ್ ಹೊಡೆದಾಗ ಎಂಜಿನ್ ತಿರುಗದೆ ಕಾಲು ಜರ್ರನೆ ಕೆಳಗಿಳಿಯುವುದೂ ಇದರ ಲಕ್ಷಣವೇ, ಏಕೆಂದರೆ ಈ ಗಾಡಿಯಲ್ಲಿ ಕಿಕ್ಕಿನ ಬಲ ಬಾಕ್ಸ್ ಹಾದು ಕ್ಲಚ್ ಮೂಲಕವೇ ಎಂಜಿನ್ ತಲುಪಬೇಕು. ಆದರೆ ಕಿಕ್ ರ‍್ಯಾಚೆಟ್ (ಒಂದೇ ದಿಕ್ಕಿಗೆ ಹಿಡಿಯುವ) ಹಲ್ಲು ಸವೆದಿದ್ದರೂ ಹೀಗೇ ಆಗುತ್ತದೆ. ಎರಡನ್ನೂ ಬೇರೆ ಮಾಡಲು ಇಗ್ನಿಶನ್ ಆಫ್ ಮಾಡಿ, ಟಾಪ್ ಗೇರ್ ಹಾಕಿ, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಸಣ್ಣ ಲಿವರ್) ಮುಟ್ಟದೆ ಗಾಡಿಯನ್ನು ಮುಂದಕ್ಕೆ ತಳ್ಳಿ. ಚಕ್ರ ಉರುಳಿ ಎಂಜಿನ್ ಸುಮ್ಮನಿದ್ದರೆ ಕ್ಲಚ್ ಜಾರುತ್ತಿದೆ. ಕಂಪ್ರೆಶನ್ ಎದುರು ನಿಂತು ಗಾಡಿ ಗಟ್ಟಿಯಾಗಿ ತಡೆದರೆ ಕ್ಲಚ್ ಹಿಡಿದಿದೆ, ಕಿಕ್ ರ‍್ಯಾಚೆಟ್ ನೋಡಬೇಕು. ಇದಿಷ್ಟಕ್ಕೆ ಒಂದು ಸ್ಪ್ಯಾನರೂ ಬೇಡ.

ಬಿಡದ ಕ್ಲಚ್ ಪತ್ತೆಗೆ ನ್ಯೂಟ್ರಲ್‌ನಲ್ಲಿ ಲಿವರ್ ಪೂರ್ತಿ ಎಳೆದು ಕೈಯಿಂದ ಕಿಕ್ ಒತ್ತಿ ನೋಡಿ. ಎಂಜಿನ್ ತಿರುಗದೆ ಕಿಕ್ ಹಗುರವಾಗಿ ಇಳಿಯಬೇಕು. ಎಂಜಿನ್ನೂ ಜೊತೆಗೆ ತಿರುಗಿದರೆ ಕ್ಲಚ್ಚಿನೊಳಗಿನ ಪ್ಲೇಟುಗಳು ಅಂಟಿಕೊಂಡಿವೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಣ್ಣೆಗೆ ಪ್ಲೇಟುಗಳು ಅಂಟುವುದು ಸಹಜ. ಲಿವರ್ ಎಳೆದು ಒಂದೆರಡು ಕಿಕ್ ಹೊಡೆದರೆ ಬಿಟ್ಟುಕೊಳ್ಳುತ್ತವೆ, ಆಮೇಲೆ ಸ್ಟಾರ್ಟ್ ಮಾಡಿದರೆ ಮೊದಲ ಗೇರ್ ಜರ್ಕ್ ಇಲ್ಲದೆ ಬೀಳುತ್ತದೆ. ಬೆಳಗಿನ ಈ ಅಂಟಿಗೆ ರಿಪೇರಿ ಬೇಡ. ಗಾಡಿ ಬಿಸಿಯಾದ ಮೇಲೂ ಹಾಗೇ ಇದ್ದರೆ ಮಾತ್ರ ಮುಂದೆ ಹೋಗಬೇಕು.

ಅಡ್ಜಸ್ಟ್‌ಮೆಂಟಿನಲ್ಲಿ ಬಹಳ ಜನ ತಪ್ಪುವುದು ಕ್ರಮದಲ್ಲಿ. ಲಿವರ್ ಸಡಿಲ ಅನ್ನಿಸಿದ ಕೂಡಲೇ ಕೇಬಲ್ ಬಿಗಿ ಮಾಡುತ್ತಾರೆ. ಮೊದಲು ಮಾಡಬೇಕಾದದ್ದು ರಾಡ್, ಅಂದರೆ ಲಿವರ್ ಎಳೆದಾಗ ಒಳಗಿನಿಂದ ತಳ್ಳಿ ಕ್ಲಚ್ ಬಿಡಿಸುವ ಸರಳು. ಕೇಬಲ್ಲನ್ನು ಪೂರ್ತಿ ಸಡಿಲ ಬಿಡಿ. ಗೇರ್‌ಬಾಕ್ಸಿನ ಬಲಬದಿಯ ಸಣ್ಣ ಕವರ್ ತೆಗೆದರೆ ಕ್ಲಚ್ ಎಳೆಯುವ ತೋಳು, ಅದರಲ್ಲಿ ಚೆಕ್‌ನಟ್ ಹಾಕಿದ ಅಡ್ಜಸ್ಟಿಂಗ್ ಸ್ಕ್ರೂ ಕಾಣುತ್ತದೆ. ಚೆಕ್‌ನಟ್ ಸಡಿಲಿಸಿ, ಒಳಗಿನ ಕ್ಲಚ್ ರಾಡ್ ತಾಗುವವರೆಗೆ ಸ್ಕ್ರೂವನ್ನು ಬೆರಳ ಬಲದಲ್ಲಿ ಒಳಕ್ಕೆ ಬಿಡಿ. ತಾಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದಕ್ಕೆ ತೆಗೆದು ಚೆಕ್‌ನಟ್ ಬಿಗಿ ಮಾಡಿ. ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿಬಿಡುತ್ತದೆ, ಅದನ್ನು ಸ್ಕ್ರೂಡ್ರೈವರಿನಿಂದ ಹಿಡಿದಿರಬೇಕು. ಕೇಬಲ್ ಅಡ್ಜಸ್ಟ್ ಮಾಡುವುದು ಇದಾದ ಮೇಲೆ, ಹ್ಯಾಂಡಲ್ ಲಿವರಿನ ಬುಡದಲ್ಲಿ 2ರಿಂದ 3 ಮಿ.ಮೀ. ಪ್ಲೇ (ಸಡಿಲ ಆಟ) ಉಳಿಯುವಂತೆ.

ಈ ಪ್ಲೇ ಯಾಕೆ ಬೇಕು ಎಂಬುದು ಮುಖ್ಯ. ಪ್ಲೇ ಇಲ್ಲದಿದ್ದರೆ ಉಳಿದ ಪ್ಲೇಟುಗಳನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟನ್ನು ರಾಡ್ ಸದಾ ತುಸು ಎತ್ತಿಯೇ ಇರುತ್ತದೆ, ಕ್ಲಚ್ ಜಾರುತ್ತದೆ. ಅದಕ್ಕಿಂತ ಕೆಟ್ಟದ್ದು ರಾಡಿನ ತುದಿ ಉಜ್ಜಿ ಉಜ್ಜಿ ಬಿಸಿಯೇರಿ ಹದ ಕಳೆದುಕೊಳ್ಳುವುದು. ಮೆತ್ತಗಾದ ತುದಿ ಅಣಬೆಯ ಹಾಗೆ ಅರಳಿ, ರಾಡ್ ಗಿಡ್ಡವಾಗುತ್ತ ಹೋಗುತ್ತದೆ. ಅಡ್ಜಸ್ಟ್ ಮಾಡಿದ ಕೆಲವೇ ದಿನಕ್ಕೆ ಪ್ಲೇ ಮತ್ತೆ ಹೆಚ್ಚಾಗುತ್ತಿದ್ದರೆ ರಾಡ್ ಹೊರತೆಗೆದು ತುದಿ ನೋಡಿ. ನೀಲಿ ಬಣ್ಣ ಬಂದಿದ್ದರೆ ಅದನ್ನು ಗ್ರೈಂಡ್ ಮಾಡಿ ಮತ್ತೆ ಹಾಕಬೇಡಿ, ಹೊಸ ರಾಡ್ ಹಾಕಿ. ಪ್ಲೇ ವಿಪರೀತ ಹೆಚ್ಚಿದ್ದರೆ ತೊಂದರೆ ಇನ್ನೊಂದು ಕಡೆಯದು: ಲಿವರ್ ಪೂರ್ತಿ ಎಳೆದರೂ ಪ್ಲೇಟ್ ಸಾಕಷ್ಟು ಎತ್ತುವುದಿಲ್ಲ.

ಕೇಬಲ್ಲನ್ನು ಎರಡೂ ತುದಿ ಬಿಚ್ಚಿ ಕೈಯಲ್ಲಿ ಎಳೆದು ನೋಡುತ್ತೇನೆ. ಒಳತಂತಿ ತಡೆಯಿಲ್ಲದೆ ಜಾರಬೇಕು. ನಿಪ್ಪಲ್ (ತಂತಿಯ ತುದಿಯ ಗುಂಡು) ಹತ್ತಿರ ಒಂದೇ ಒಂದು ಎಳೆ ಬಿಚ್ಚಿದ್ದರೂ ಬದಲಿಸುವುದೇ ಸರಿ.

ಇಷ್ಟರಲ್ಲಿ ಸರಿಹೋಗದಿದ್ದರೆ ಎಡಬದಿಯ ಚೈನ್ ಕೇಸ್ ಬಿಚ್ಚಬೇಕು. ಕ್ಲಚ್ಚು, ಎಂಜಿನ್ನಿನಿಂದ ಅದಕ್ಕೆ ಬಲ ಒಯ್ಯುವ ಪ್ರೈಮರಿ ಚೈನು ಇರುವುದು ಅದರಲ್ಲೇ. ಫುಟ್‌ರೆಸ್ಟ್ ಮತ್ತು ಬ್ರೇಕ್ ಪೆಡಲ್ ತೆಗೆದು, ಕೆಳಗೆ ಟ್ರೇ ಇಟ್ಟು, ನಡುವಿನ ಒಂದೇ ನಟ್ ಬಿಚ್ಚಿದರೆ ಕವರ್ ಬರುತ್ತದೆ. ಬಿದ್ದ ಎಣ್ಣೆಯನ್ನು ಚೆಲ್ಲುವ ಮೊದಲು ಬೆರಳಿಗೆ ಹಚ್ಚಿ ಮೂಸಿ. ಗಂಧಕದ ಘಾಟು ಇದ್ದರೆ ಅದು ಬಾಕ್ಸಿನ ಇಪಿ 90 ಗೇರ್ ಆಯಿಲ್. ಬಾಕ್ಸಿನ ಟೊಳ್ಳಾದ ಮೇನ್‌ಶಾಫ್ಟ್ ಒಳಗೆ, ರಾಡ್ ಗುಂಟ ಹರಿದು ಈ ಕಡೆ ಬಂದು ಪ್ಲೇಟುಗಳನ್ನು ತೋಯಿಸಿದೆ. ಬಾಕ್ಸಿಗೆ ಎಣ್ಣೆ ಮಿತಿಮೀರಿ ತುಂಬಿದ್ದರೆ ಹೀಗಾಗುವುದು ಸಾಮಾನ್ಯ. ಈ ಕಾರಣ ಬಿಟ್ಟು ಹೊಸ ಪ್ಲೇಟ್ ಹಾಕಿದರೆ ಅವೂ ಬೇಗನೆ ಜಾರುತ್ತವೆ, ದುಡ್ಡು ದಂಡ.

ಸ್ಪ್ರಿಂಗುಗಳನ್ನು ತೆಗೆದು ಒಂದರ ಪಕ್ಕ ಒಂದು ನಿಲ್ಲಿಸಿ ನೋಡಿ. ಒಂದು ಗಿಡ್ಡವಾಗಿದ್ದರೂ ಪ್ರೆಶರ್ ಪ್ಲೇಟ್ ಓರೆಯಾಗಿ ಎತ್ತುತ್ತದೆ. ಆಗ ಒಂದು ಬದಿ ಬಿಡುತ್ತದೆ, ಇನ್ನೊಂದು ಹಿಡಿದೇ ಇರುತ್ತದೆ. ಬದಲಿಸುವುದಾದರೆ ಇಡೀ ಸೆಟ್. ಪ್ಲೇಟುಗಳನ್ನು ತೆಗೆಯುವ ಕ್ರಮದಲ್ಲೇ ಜೋಡಿಸಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಇವುಗಳಲ್ಲಿ ತುಸು ಬಾಗಿದ ಪ್ಲೇಟೂ ಇರುತ್ತದೆ, ಅದರ ಮುಖ ತಿರುಗಿಸಿ ಹಾಕಿದರೆ ಸೆಟ್ ಕೂರುವುದಿಲ್ಲ. ಚಪ್ಪಟೆ ಸ್ಟೀಲ್ ಪ್ಲೇಟನ್ನು ಗಾಜಿನ ಮೇಲಿಟ್ಟು ಅಂಚಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಬ್ಲೇಡುಗಳ ಸೆಟ್) ತೂರಿಸಿ. 0.2 ಮಿ.ಮೀ. ಬ್ಲೇಡ್ ಒಳಗೆ ಹೋದರೆ ಆ ಪ್ಲೇಟನ್ನು ನಾನು ಮತ್ತೆ ಹಾಕುವುದಿಲ್ಲ. ಘರ್ಷಣೆ ಪ್ಲೇಟುಗಳು ಮಿರಮಿರ ಹೊಳೆಯುತ್ತಿದ್ದು ದಪ್ಪ ಇನ್ನೂ ಇದ್ದರೆ ಪೆಟ್ರೋಲಿನಲ್ಲಿ ತೊಳೆದು, ಗಾಳಿಗೆ ಒಣಗಿಸಿ, ಎಮರಿ ಹಾಳೆಯ ಮೇಲೆ ಹಗುರವಾಗಿ ಸುತ್ತು ತಿರುಗಿಸಬಹುದು. ಸುಟ್ಟ ವಾಸನೆ ಇದ್ದರೆ ಎಸೆಯಿರಿ.

ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುವುದು ಪ್ಲೇಟುಗಳು ಕೂರುವ ಕ್ಲಚ್ ಡ್ರಮ್ಮಿನ ಸೀಳುಗಳು. ಪ್ಲೇಟಿನ ಕಿವಿಗಳು ಬಡಿದು ಬಡಿದು ಅಲ್ಲಿ ಮೆಟ್ಟಿಲಿನಂತೆ ತಗ್ಗು ಬಿದ್ದಿರುತ್ತವೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಲಿವರ್ ಎಳೆದಾಗ ಪ್ಲೇಟ್ ಜಾರಿ ದೂರ ಸರಿಯಬೇಕು, ಆದರೆ ಕಿವಿ ಆ ತಗ್ಗಿನಲ್ಲೇ ಕೂತಿರುತ್ತದೆ. ಹೊಸ ಪ್ಲೇಟ್, ಹೊಸ ಕೇಬಲ್, ಹೊಸ ರಾಡ್ ಎಲ್ಲ ಹಾಕಿಯೂ ಕ್ಲಚ್ ಬಿಡದ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ತಗ್ಗು ಸಣ್ಣದಿದ್ದರೆ ಚಪ್ಪಟೆ ಅರದಿಂದ ಎಲ್ಲ ಸೀಳುಗಳನ್ನೂ ಒಂದೇ ಸಮ ಉಜ್ಜಿ ನುಣುಪು ಮಾಡಿ. ಆಳವಿದ್ದರೆ ಡ್ರಮ್ ಬದಲಿಸಿ. ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ ಬೇರಿಂಗ್ ಸಡಿಲವಿದೆಯೋ, ನಡುವಿನ ನಟ್ ಸಡಿಲವಿದೆಯೋ ಅದನ್ನೂ ಈಗಲೇ ನೋಡಿಕೊಳ್ಳಿ.

ಮುಚ್ಚುವಾಗ ಸ್ಪ್ರಿಂಗ್ ಸ್ಕ್ರೂಗಳನ್ನು ಕೊನೆ ಮುಟ್ಟುವವರೆಗೆ ಬಿಗಿ ಮಾಡಿ. ಪ್ರೈಮರಿ ಚೈನನ್ನು ತಿರುಗಿಸುತ್ತ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿ 6 ಮಿ.ಮೀ. ಆಟ ಬಿಡಿ. ಚೈನ್ ಕೇಸಿಗೆ ಎಣ್ಣೆ ಸುಮಾರು 420 ಮಿ.ಲೀ., ಆದರೆ ಕೊನೆಯ ಮಾತು ಲೆವೆಲ್ ಪ್ಲಗ್‌ದು: ಗಾಡಿ ನೆಟ್ಟಗೆ ನಿಂತಿರುವಾಗ ಅಲ್ಲಿಂದ ಜಿನುಗಿದರೆ ಸಾಕು. ಕಾರಿಗೆಂದು ಬರುವ, ಘರ್ಷಣೆ ಕಡಿಮೆ ಮಾಡುವ ಎಂಜಿನ್ ಆಯಿಲ್ ಇಲ್ಲಿಗೆ ಬೇಡವೇ ಬೇಡ.

ಈಗ ಗೇರು. ಕ್ಲಚ್ ಸರಿಯಾದ ಮೇಲೂ ಗೇರ್ ತಪ್ಪುತ್ತಿದ್ದರೆ ಪೆಡಲ್ ಶಾಫ್ಟಿನ ಮೇಲೆ ಅಲುಗುತ್ತಿದೆಯೇ ನೋಡಿ, ಬೋಲ್ಟ್ ಬಿಗಿ ಮಾಡಿ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇಟ್ಟು, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತ ಎರಡನೆಯ ಗೇರ್ ಹಾಕಿ. ಪೆಡಲನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಒತ್ತಿ, ರ‍್ಯಾಚೆಟ್ ಹಲ್ಲು ಹಿಡಿಯುವವರೆಗಿನ ಆಟ ಎರಡೂ ಕಡೆ ಸಮವಿದೆಯೇ ಅಳೆಯಿರಿ. ಒಂದು ಕಡೆ ಹೆಚ್ಚಿದ್ದರೆ ಗೇರ್‌ಬಾಕ್ಸ್ ಕವರಿನೊಳಗೆ ಎರಡು ನಟ್ ಹಿಡಿದಿರುವ ಅಡ್ಜಸ್ಟರ್ ಪ್ಲೇಟನ್ನು ಸಡಿಲಿಸಿ ಕೂದಲೆಳೆಯಷ್ಟು ಸರಿಸಿ, ಬಿಗಿದು, ಮತ್ತೆ ಅಳೆಯಿರಿ. ಗೇರ್ ಏರಿಸುವಾಗ ಮಾತ್ರ, ಅಥವಾ ಇಳಿಸುವಾಗ ಮಾತ್ರ ತಪ್ಪುತ್ತಿದ್ದರೆ ಇದರಲ್ಲೇ ಸರಿಹೋಗುತ್ತದೆ. ಎರಡೂ ಕಡೆ ತಪ್ಪುತ್ತಿದ್ದರೆ ರ‍್ಯಾಚೆಟ್ ಹಲ್ಲು ಸವೆದಿರುತ್ತದೆ. ಒತ್ತಿದ ಪೆಡಲ್ ವಾಪಸ್ ಬರದಿದ್ದರೆ ರಿಟರ್ನ್ ಸ್ಪ್ರಿಂಗ್. ಹಿಮ್ಮಡಿಯಿಂದ ಒತ್ತುವ ನ್ಯೂಟ್ರಲ್ ಲಿವರ್ ಮೊದಲ ಗೇರಿನಿಂದ ಕೆಲಸ ಮಾಡುವುದಿಲ್ಲ. ಅದು ದೋಷವಲ್ಲ, ಅದರ ರಚನೆಯೇ ಹಾಗೆ.

ಕ್ಲಚ್ ಲಿವರ್ ಬಿಡುವಾಗ ಗಾಡಿ ಧಡ್ ಎಂದು ಜಿಗಿದರೆ ಹಿಂದಿನ ಹಬ್ಬಿನೊಳಗಿನ ರಬ್ಬರುಗಳನ್ನು ನೋಡಲು ಮರೆಯಬೇಡಿ. ಅವು ಪುಡಿಯಾಗಿದ್ದರೂ, ಚೈನ್ ಜೋತಿದ್ದರೂ ಕ್ಲಚ್ಚಿನ ಮೇಲೇ ಅಪವಾದ ಬರುತ್ತದೆ.

ಲೋಡ್ ಬಿದ್ದಾಗ ಗೇರ್ ತಾನಾಗಿ ಎಗರಿ ಹೊರಬರುತ್ತಿದ್ದು, ಮೇಲಿನ ಎಲ್ಲವೂ ಸರಿಯಿದ್ದರೆ ಆಗ ಬಾಕ್ಸ್ ಬಿಚ್ಚಬೇಕು. ಪ್ರತಿಸಲ ಒಂದೇ ಗೇರ್ ಎಗರಿದರೆ ಆ ಗೇರಿನ ಡಾಗ್ ಹಲ್ಲುಗಳ (ಪಕ್ಕದ ಗೇರಿಗೆ ಸಿಕ್ಕಿಕೊಳ್ಳುವ ದಪ್ಪ ಹಲ್ಲುಗಳ) ಅಂಚು ದುಂಡಾಗಿರುತ್ತದೆ, ಇಲ್ಲವೇ ಗೇರನ್ನು ಸರಿಸುವ ಸೆಲೆಕ್ಟರ್ ಫೋರ್ಕ್ ಸವೆದಿರುತ್ತದೆ. ಎಲ್ಲ ಗೇರೂ ಎಗರಿದರೆ ಗೇರನ್ನು ಜಾಗದಲ್ಲಿ ಹಿಡಿಯುವ ಪ್ಲಂಜರ್ ಮತ್ತು ಅದರ ಸ್ಪ್ರಿಂಗ್ ಮೊದಲು ನೋಡಿ. ಹೊಸ ಪ್ಲೇಟ್ ಹಾಕಿದ ಗಾಡಿಯನ್ನು 200 ರಿಂದ 300 ಕಿ.ಮೀ. ಓಡಿಸಿದ ಮೇಲೆ ಎಂಜಿನ್ ತಣ್ಣಗಿರುವಾಗ ರಾಡಿನ ಪ್ಲೇ ಮತ್ತೊಮ್ಮೆ ಹೊಂದಿಸಿ. ಪ್ಲೇಟುಗಳು ಕೂತು ತೆಳುವಾದಂತೆ ಈ ಪ್ಲೇ ಕಡಿಮೆಯಾಗುತ್ತದೆ.