ಎರೆಗೊಂದು, ಕೆಮ್ಮಣ್ಣಿಗೊಂದು: ಕೃಷಿ ಹೊಂಡದ ಅಳತೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಚಳ್ಳಕೆರೆಯಲ್ಲಿ 500 ದಾಟಿದರೆ ಅದೇ ಒಳ್ಳೆಯ ವರ್ಷ. ಆದರೆ ಮಳೆನೀರು ಹಿಡಿದಿಡಲು ಹೊಲದಲ್ಲಿ ಹೊಂಡ ತೋಡುವವರು ವರ್ಷದ ಮೊತ್ತಕ್ಕಿಂತ ಮೊದಲು ನೋಡಬೇಕಾದದ್ದು ಮಳೆ ಯಾವಾಗ ಬೀಳುತ್ತದೆ, ಮಣ್ಣು ಎಂಥದ್ದು ಎಂಬುದನ್ನು. ವಿಜಯಪುರದ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಜೋರು ಮಳೆ ಸೆಪ್ಟೆಂಬರಿನ ಹುಬ್ಬೆ, ಉತ್ತರೆ ನಕ್ಷತ್ರಗಳದು. ಆ ನೀರು ಹಿಂಗಾರಿ ಜೋಳ, ಕಡಲೆಗಾಗಿ ನವೆಂಬರ್ ದಾಟುವವರೆಗೆ ನಿಲ್ಲಬೇಕು. ಚಳ್ಳಕೆರೆಯ ಕೆಮ್ಮಣ್ಣಿನಲ್ಲಿ ಶೇಂಗಾ ಆಗಸ್ಟಿನಲ್ಲೇ ಬಾಡಬಹುದು.

ಗುಂಡಿಗೆ ಮೊದಲು ಲೆಕ್ಕ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್. 40 ಮಿ.ಮೀ. ಮಳೆಯಲ್ಲಿ ಐದನೇ ಒಂದು ಪಾಲು ಹರಿದು ಬಂದರೆ 5 ಎಕರೆಯಿಂದ ಸಿಗುವುದು 1.6 ಲಕ್ಷ ಲೀಟರ್. ಮೇಲ್ಭಾಗ 21×21 ಮೀಟರ್, ಆಳ 3 ಮೀಟರ್ ಇರುವ ಹೊಂಡ ತುಂಬಲು ಅಂಥ ಮಳೆ ಆರು ಬೇಕು. ಎರಡೇ ಎಕರೆಯ ನೀರು ಬರುವ ಕಡೆ 12×12 ಸಾಕು, ಅದರಲ್ಲಿ 2.5 ಲಕ್ಷ ಲೀಟರ್ ಹಿಡಿಯುತ್ತದೆ. ಪಕ್ಕದ ಹೊಲದವರ ಅಳತೆ ನೋಡಿ ತೋಡಿದ ಹೊಂಡಗಳೇ ಹೆಚ್ಚಾಗಿ ಅರ್ಧ ಖಾಲಿ ಉಳಿಯುವುದು.

ಹೆಚ್ಚು ಜನ ಎಡವುವುದು ಗೋಡೆಯ ಇಳಿಜಾರಿನಲ್ಲಿ. ಕೆಮ್ಮಣ್ಣಿನಲ್ಲಿ 1 ಮೀಟರ್ ಆಳಕ್ಕೆ 1 ಮೀಟರ್ ಒಳಗೆ ಬಂದರೆ ನಿಲ್ಲುತ್ತದೆ. ಎರೆ ಮಣ್ಣು ನೆನೆದು ಉಬ್ಬಿ, ಒಣಗಿ ಬಿರಿಯುವುದರಿಂದ ಅಲ್ಲಿ ಒಂದೂವರೆ ಮೀಟರ್ ಬೇಕು. ಇಲ್ಲದಿದ್ದರೆ ಗೋಡೆ ಕುಸಿದು ಹೊಂಡದೊಳಗೇ ಬೀಳುತ್ತದೆ. 21×21ರ ಹೊಂಡ ಕೆಮ್ಮಣ್ಣಿನಲ್ಲಿ 9.8 ಲಕ್ಷ ಲೀಟರ್ ಹಿಡಿದರೆ, ಎರೆಯಲ್ಲಿ 8.4 ಲಕ್ಷ ಮಾತ್ರ. ಜೆಸಿಬಿಯವರು ಕೆಲಸ ಬೇಗ ಮುಗಿಸಲು ಗೋಡೆಯನ್ನು ನೆಟ್ಟಗೆ ಕಡಿದುಬಿಡುತ್ತಾರೆ. ಮೇಲಿನ ಚೌಕದ ಒಳಗೆ ತಳದ ಚೌಕಕ್ಕೂ ಸುಣ್ಣದ ಗೆರೆ ಎಳೆಯಿರಿ. ಮೊದಲು ತಳದ ಚೌಕವನ್ನು ಪೂರ್ತಿ ಆಳಕ್ಕೆ ತೋಡಿಸಿ, ಆಮೇಲೆ ಅಂಚು ಕೆತ್ತಿಸಿ. ತೆಗೆದ ಮಣ್ಣು ಅಂಚಿನಿಂದ ಕನಿಷ್ಠ 1 ಮೀಟರ್ ದೂರ ಬೀಳಲಿ.

ಕೆಮ್ಮಣ್ಣಿಗೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ನೀರು ಇಂಗಿಹೋಗುತ್ತದೆ. 500 ಮೈಕ್ರಾನ್ ಹಾಳೆ ತನ್ನಿ. 21×21ರ ಹೊಂಡಕ್ಕಾದರೆ ಅಳತೆಗೆ ತಳದ 15 ಮೀಟರ್, ಎರಡು ಇಳಿಜಾರು ತಲಾ 4.25, ಅಂಚಿನಲ್ಲಿ ಹೂಳಲು ಎರಡೂ ಕಡೆ ತಲಾ 1 ಮೀಟರ್ ಸೇರಿಸಿ: ಒಟ್ಟು 25.5×25.5. ಕಲ್ಲು, ಬೇರಿನ ಮೊನೆ ಆರಿಸಿ ತೆಗೆದೇ ಹಾಸಬೇಕು. ಎರೆಗೆ ಸಾಮಾನ್ಯವಾಗಿ ಹಾಳೆ ಬೇಡ. ಆದರೆ ತೋಡುವಾಗ ಗರಸು (ಹರಳು ಮಣ್ಣು) ಸಿಕ್ಕಿತೋ, ಅಲ್ಲಿಗೇ ನಿಲ್ಲಿಸಿ ಒಂದಡಿ ಎರೆ ಮಣ್ಣು ಹಾಕಿ ಧಮ್ಮಸ್ಸು ಮಾಡಿಸಿ. ಗರಸಿನಲ್ಲಿ ನೀರು ನಿಲ್ಲುವುದಿಲ್ಲ.

ನೀರು ಒಳಬರುವ ಕಡೆ 2×2 ಮೀಟರ್, 1 ಮೀಟರ್ ಆಳದ ಹೂಳುಗುಂಡಿ ಇರಲಿ, ಪ್ರತಿ ಜೋರು ಮಳೆಯ ನಂತರ ಅದರ ಹೂಳನ್ನು ಎತ್ತಿಸಿ. ಹೆಚ್ಚಾದ ನೀರು ಹೊರಹೋಗುವ ಕೋಡಿಯನ್ನು ಒಳಹರಿವಿಗಿಂತ ತುಸು ತಗ್ಗಿನಲ್ಲಿ ಕಲ್ಲು ಹಾಸಿ ಕಟ್ಟಿ. ಮಲೆನಾಡಿನ ಕಡಿದಾದ ಗುಡ್ಡದಲ್ಲಂತೂ ಹೊಂಡ ತೋಡಲೇಬೇಡಿ, ನೆನೆದ ಮಣ್ಣು ಜಾರುತ್ತದೆ.

ಈ ನೀರು ಇಡೀ ಬೆಳೆಗಲ್ಲ, ಒಂದೆರಡು ಸಲಕ್ಕೆ. ಒಂದು ಎಕರೆಗೆ ಒಂದಿಂಚು ಕೊಡಲು 1 ಲಕ್ಷ ಲೀಟರ್ ಬೇಕು, ಅದೂ ತುಂತುರು ನೀರಾವರಿಯಲ್ಲಿ. ಶೇಂಗಾಕ್ಕೆ ಸೂಜಿ ಮಣ್ಣಿಗಿಳಿದು ಕಾಯಿ ಕಟ್ಟುವಾಗ, ಜೋಳಕ್ಕೆ ತೆನೆ ಹೊರಬರುವ ಮುಂಚೆ ಹೊಡೆ ತುಂಬುವಾಗ, ಕಡಲೆಗೆ ಹೂವಿಗೆ ಮುಂಚೆ ಕೊಡಿ. ಕಡಲೆಗೆ ಹೆಚ್ಚಾದರೆ ಗಿಡ ಸೊಕ್ಕಿ ಕಾಯಿ ಕಡಿಮೆಯಾಗುತ್ತದೆ. ಕಾಯುತ್ತ ಕೂತರೂ ನಷ್ಟವೇ: ದಿನಕ್ಕೆ 5 ಮಿ.ಮೀ. ಆವಿಯಾದರೆ 21×21ರ ಹೊಂಡದಿಂದ 2,200 ಲೀಟರ್ ಹೋಗುತ್ತದೆ.

ಸುತ್ತ ತಂತಿಬೇಲಿ ಹಾಕಿಸಿ. ಒದ್ದೆಯಾದ ಹಾಳೆಯ ಮೇಲೆ ಈಜು ಬಲ್ಲವರೂ ಹತ್ತಿಬರಲಾರರು. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ತಳದವರೆಗೆ ಇಳಿಬಿಡಿ.