ಹಾರುವ ಹಕ್ಕಿಯ ವಿಡಿಯೋ: ಕ್ಯಾಮೆರಾಗಿಂತ ಮೊದಲು ಗಾಳಿ

ಟ್ರೈಪಾಡ್ ಬಿಚ್ಚುವ ಮೊದಲೇ ನಾನು ಗಾಳಿಯ ದಿಕ್ಕು ನೋಡುತ್ತೇನೆ. ಹಕ್ಕಿಗಳು, ಅದರಲ್ಲೂ ದೊಡ್ಡ ಮೈಯವು, ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಗಾಳಿ ಬೆನ್ನಿಗೆ ಬೀಸುವಂತೆ ನಿಂತರೆ ಅವು ನಮ್ಮ ಕಡೆಗೇ ಮುಖ ಮಾಡಿ ಬರುತ್ತವೆ. ಬಿಸಿಲೂ ಬೆನ್ನಿಗಿದ್ದರೆ ಸರಿಯೇ ಸರಿ. ಎರಡೂ ಒಟ್ಟಿಗೆ ಸಿಗದಿದ್ದರೆ ಗಾಳಿಯನ್ನೇ ಆರಿಸಿಕೊಳ್ಳುತ್ತೇನೆ. ಎದುರು ಬಿಸಿಲಲ್ಲಿ ರೆಕ್ಕೆಯ ಗರಿಗಳು ಬೆಳಗುತ್ತವೆ, ಅದನ್ನು ಬಳಸಿಕೊಳ್ಳಬಹುದು. ದೂರ ಸರಿಯುವ ಬಾಲವನ್ನು ಏನು ಮಾಡುವುದು?

ಇನ್ನು ಲೆನ್ಸ್. ಫುಲ್‌ಫ್ರೇಮ್ (36 ಎಂಎಂ ಅಗಲದ ಸೆನ್ಸರ್‌ನ) ಕ್ಯಾಮೆರಾದಲ್ಲಿ 600 ಎಂಎಂ ಲೆನ್ಸ್ 50 ಮೀಟರ್ ದೂರದಲ್ಲಿ ಕಾಣಿಸುವ ಅಗಲ ಬರೀ 3 ಮೀಟರ್. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡ ಹಾಯುವ ಹಕ್ಕಿ ಅದನ್ನು 0.3 ಸೆಕೆಂಡಿನಲ್ಲಿ ದಾಟುತ್ತದೆ. ಹೊಸಬರು ಹಕ್ಕಿಯನ್ನು ಕಳೆದುಕೊಳ್ಳುವುದು ಇಲ್ಲಿಯೇ. 300 ಎಂಎಂ ಆದರೆ 6 ಮೀಟರ್ ಸಿಗುತ್ತದೆ. 4ಕೆಯಲ್ಲಿ ತೆಗೆದು, ಅದರ ಅರ್ಧ ಅಗಲದ ಎಚ್‌ಡಿಗೆ ಕತ್ತರಿಸಿದರೆ ಕೊನೆಗೆ ಉಳಿಯುವುದು ಅದೇ 3 ಮೀಟರ್, ಆದರೆ ಸುತ್ತ ಅಂಚು ಇದ್ದ ಕಾರಣ ರೆಕ್ಕೆಯ ತುದಿ ಕತ್ತರಿಸಿಹೋಗುವುದಿಲ್ಲ.

ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ನಯವಾಗಿ ತಿರುಗಿಸುವ ಫ್ಲೂಯಿಡ್ ಹೆಡ್‌ನ ಬೌಲನ್ನು (ಅದು ಕೂರುವ ಬಟ್ಟಲನ್ನು) ಮಟ್ಟ ಮಾಡದಿದ್ದರೆ ಪ್ಯಾನ್ ಮಾಡುತ್ತಾ (ಕ್ಯಾಮೆರಾವನ್ನು ಅಡ್ಡಕ್ಕೆ ತಿರುಗಿಸುತ್ತಾ) ಹೋದಂತೆ ದಿಗಂತ ವಾಲುತ್ತದೆ. ಕ್ಯಾಮೆರಾದ ಭಾರವನ್ನು ಸರಿದೂಗಿಸುವ ಕೌಂಟರ್‌ಬ್ಯಾಲೆನ್ಸ್ ಹೇಗಿರಬೇಕೆಂದರೆ, ಕೈಬಿಟ್ಟ ಕೋನದಲ್ಲೇ ಲೆನ್ಸ್ ನಿಲ್ಲಬೇಕು. ಡ್ರ್ಯಾಗ್, ಅಂದರೆ ತಿರುಗಿಸುವಾಗಿನ ತಡೆ, ಕಡಿಮೆ ಸಾಕು. ಹೆಚ್ಚಾದರೆ ಪ್ಯಾನ್ ಶುರುವಾಗುವಾಗಲೇ ಜಗ್ಗುತ್ತದೆ. ಪಾದಗಳನ್ನು ಪ್ಯಾನ್ ಮುಗಿಯುವ ದಿಕ್ಕಿಗೆ ಊರಿ, ಸೊಂಟವನ್ನಷ್ಟೇ ಶುರುವಿನ ಕಡೆ ತಿರುಗಿಸಿ ನಿಲ್ಲಿ. ಉಲ್ಟಾ ನಿಂತರೆ ನಡುವೆಯೇ ಮೈ ಸಿಕ್ಕಿಕೊಳ್ಳುತ್ತದೆ. ನಡುಕ ತಡೆಯುವ ಸ್ಟೆಬಿಲೈಸೇಶನ್ ಆಫ್ ಇರಲಿ, ಇಲ್ಲವೇ ಪ್ಯಾನಿಂಗ್ ಮೋಡ್‌ನಲ್ಲಿರಲಿ. ಇಲ್ಲದಿದ್ದರೆ ಅದು ಪ್ಯಾನನ್ನೇ ನಡುಕವೆಂದು ತಿಳಿದು ಎಳೆದಾಡುತ್ತದೆ.

ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದರ ಬಗ್ಗೆ ಜನ ವಿಪರೀತ ತಲೆಕೆಡಿಸಿಕೊಳ್ಳುತ್ತಾರೆ. 1882ರಲ್ಲಿ ಫ್ರೆಂಚ್ ವಿಜ್ಞಾನಿ ಎಟಿಯೆನ್-ಜೂಲ್ ಮಾರೆ ಬಂದೂಕಿನಾಕಾರದ ಕ್ಯಾಮೆರಾದಿಂದ ಹಾರಾಟವನ್ನು ಬಿಡಿಸಿ ನೋಡಿದ್ದು ಸೆಕೆಂಡಿಗೆ 12 ಚಿತ್ರಗಳಲ್ಲಿ. ಸೆಕೆಂಡಿಗೆ 120 ಫ್ರೇಮ್‌ಗಳಲ್ಲಿ ತೆಗೆದದ್ದನ್ನು 25ರಲ್ಲಿ ಓಡಿಸಿದರೆ ವೇಗ ಸುಮಾರು ಐದನೇ ಒಂದಕ್ಕೆ ಇಳಿಯುತ್ತದೆ. ಕೊಕ್ಕರೆ, ಹದ್ದುಗಳಿಗೆ ಧಾರಾಳ ಸಾಕು. ಶಟರ್ 1/250ರಿಂದ 1/500 ಸೆಕೆಂಡ್. ಸ್ಥಿರಚಿತ್ರದ ಅಭ್ಯಾಸದಿಂದ 1/2000 ಇಟ್ಟರೆ, ನಿಧಾನಗೊಳಿಸದ ವಿಡಿಯೋದಲ್ಲಿ ರೆಕ್ಕೆ ತಡೆತಡೆದು ಬಡಿದಂತೆ ಕಾಣುತ್ತದೆ. ಬೆಳಕು ಹೆಚ್ಚಾದರೆ ಶಟರ್ ಏರಿಸದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕುತ್ತೇನೆ.

ಹಕ್ಕಿ ಬರುವ ಅಂದಾಜು ದೂರಕ್ಕೆ ಮೊದಲೇ ಫೋಕಸ್ ಮಾಡಿಟ್ಟಿರಬೇಕು. ಪೂರ್ತಿ ಮಸುಕಾದ ಹಕ್ಕಿಯನ್ನು ಎಷ್ಟು ಜಾಣ ಆಟೋಫೋಕಸ್ ಕೂಡ ಗುರುತಿಸದೆ ಹೋಗಬಹುದು. ಬರೀ ಆಕಾಶವಿದ್ದಾಗ ಅಗಲವಾದ ಫೋಕಸ್ ವಲಯ, ಹಿಂದೆ ಮರಗಳಿದ್ದಾಗ ಚಿಕ್ಕದು. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಮಾತ್ರ ಯಾವಾಗಲೂ ಮ್ಯಾನುಯಲ್. ಆಟೋದಲ್ಲಿ ಬಿಟ್ಟರೆ ಹಕ್ಕಿ ಆಕಾಶದಿಂದ ಮರದ ಮುಂದೆ ಬಂದ ಕೂಡಲೇ ಚಿತ್ರ ಬೆಳಗಿ, ಬೆಳ್ಳಕ್ಕಿಯ ಗರಿಯೆಲ್ಲ ಸುಣ್ಣ ಬಳಿದಂತಾಗುತ್ತದೆ.

ಕೂತ ಹಕ್ಕಿ ಹಿಕ್ಕೆ ಹಾಕಿತು, ಮೈ ಕುಗ್ಗಿಸಿ ಮುಂದಕ್ಕೆ ಬಾಗಿತು ಎಂದರೆ ಹಾರಲು ಸಿದ್ಧವಾಗಿರಬಹುದು. ಪ್ರೀ-ರೆಕಾರ್ಡ್ ಸೌಲಭ್ಯವಿದ್ದರೆ ಹಾಕಿಡಿ. ಗುಂಡಿ ಒತ್ತುವುದಕ್ಕೆ ಮೊದಲಿನ ಕೆಲವು ಸೆಕೆಂಡುಗಳೂ ಉಳಿಯುವುದರಿಂದ ಮೊದಲ ಜಿಗಿತ ತಪ್ಪುವುದಿಲ್ಲ. ಚಪ್ಪಾಳೆ ತಟ್ಟಿ, ಹತ್ತಿರ ಓಡಿ ಎಬ್ಬಿಸುವುದು ಬೇಡ. ಹೆದರಿದ ಹಕ್ಕಿ ಬೆನ್ನು ತಿರುಗಿಸಿಯೇ ಹಾರುತ್ತದೆ. ಗೂಡಿನಲ್ಲಿದ್ದರೆ ಮೊಟ್ಟೆ, ಮರಿಗಳೂ ಬಿಸಿಲಿಗೆ ಬೀಳುತ್ತವೆ.

ಇಷ್ಟೆಲ್ಲ ಸರಿಯಿದ್ದೂ ಚಿತ್ರ ನೀರಿನೊಳಗಿಂದ ಕಂಡಂತೆ ಅಲುಗಿದರೆ ಅದು ಕಾದ ನೆಲದಿಂದೇಳುವ ಬಿಸಿಗಾಳಿಯ ಕೆಲಸ. ಯಾವ ಸೆಟ್ಟಿಂಗೂ ಅದನ್ನು ಸರಿಮಾಡದು. ಹತ್ತಿರದಿಂದ ತೆಗೆಯಬೇಕು, ಇಲ್ಲವೇ ಮರುದಿನ ನಸುಕಿಗೆ ಬರಬೇಕು.