ಬೆಳಿಗ್ಗೆ ಸರಿ, ಸಂಜೆ ಹುಳಿ: ಮನೆಯ ಎಸ್ಪ್ರೆಸೊ ಯಂತ್ರವನ್ನು ಹದಕ್ಕೆ ತಂದ ನನ್ನ ಅನುಭವ

ನಮ್ಮ ಮನೆಯಲ್ಲಿ ಕಾಫಿ ಎಂದರೆ ಹಿತ್ತಾಳೆಯ ಫಿಲ್ಟರಿನದು. ಬೆಳಗಿನ ಜಾವ ಅತ್ತೆಯವರು ಮೇಲಿನ ಪಾತ್ರೆಗೆ ಕುದಿಯುವ ನೀರು ಹೊಯ್ದು, ಡಿಕಾಕ್ಷನ್ ತೊಟ್ಟಿಕ್ಕಿ ಇಳಿಯುವಷ್ಟರಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಬರುತ್ತಾರೆ. ದಾವಣಗೆರೆಯ ವಿದ್ಯಾನಗರದ ಈ ಅಡುಗೆಮನೆಗೆ ಕಳೆದ ವರ್ಷ ನಾನು ಒಂದು ಸಣ್ಣ ಎಸ್ಪ್ರೆಸೊ ಯಂತ್ರವನ್ನು ತಂದಾಗ, ಮೊದಲ ಒಂದು ತಿಂಗಳು ಅದರಿಂದ ಇಳಿದ ಒಂದು ಲೋಟವೂ ಕುಡಿಯುವಂತಿರಲಿಲ್ಲ. ಅತ್ತೆಯವರು ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು, “ಇದರಾಗ ಹುಣಸೆ ಹುಳಿ ಹಿಂಡಿದಂಗೈತಲ್ಲವ್ವಾ” ಎಂದು ಲೋಟ ಕೆಳಗಿಟ್ಟರು. ಆ ಮಾತೇ ನನಗೆ ಸಿಕ್ಕ ಮೊದಲ ಸುಳಿವು. ಕಾಫಿ ಚೆನ್ನಾಗಿಲ್ಲ ಎಂದಷ್ಟೇ ಹೇಳಿದರೆ ಹುಡುಕುವುದಕ್ಕೆ ದಾರಿ ಸಿಗುವುದಿಲ್ಲ; ಹುಳಿಯೋ, ಕಹಿಯೋ, ಒಗರೋ ಎಂದು ನಾಲಿಗೆ ಬಿಡಿಸಿ ಹೇಳಿದರೆ ದೋಷದ ಜಾಡು ಹಿಡಿಯಬಹುದು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಒಂದು ಪ್ರಯೋಗದಲ್ಲಿ ಒಂದೇ ಅಂಶವನ್ನು ಬದಲಿಸಬೇಕು, ಉಳಿದವನ್ನು ಹಾಗೆಯೇ ಇರಿಸಬೇಕು ಎಂದು ವರ್ಷವಿಡೀ ಮಕ್ಕಳಿಗೆ ಹೇಳುವ ನಾನು, ಮನೆಯಲ್ಲಿ ಮಾತ್ರ ಒಂದೇ ದಿನ ಪುಡಿಯನ್ನೂ ಅಳತೆಯನ್ನೂ ಒತ್ತುವ ಬಿಗಿಯನ್ನೂ ಒಟ್ಟಿಗೆ ಬದಲಿಸಿ ನೋಡುತ್ತಿದ್ದೆ. ಹೀಗೆ ಒಂದು ತಿಂಗಳು ಕಳೆದ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನೂ, 0.1 ಗ್ರಾಮಿನವರೆಗೆ ತೋರಿಸುವ ಒಂದು ಚಿಕ್ಕ ತಕ್ಕಡಿಯನ್ನೂ ಯಂತ್ರದ ಪಕ್ಕಕ್ಕೆ ತಂದಿಟ್ಟೆ. ಹಾಕಿದ ಪುಡಿ ಎಷ್ಟು ಗ್ರಾಂ, ಇಳಿದ ಕಾಫಿ ಎಷ್ಟು ಗ್ರಾಂ, ಪಂಪು ಶುರುವಾದಾಗಿನಿಂದ ಎಷ್ಟು ಸೆಕೆಂಡು, ರುಚಿ ಹೇಗೆ ಎಂಬ ನಾಲ್ಕು ಕಲಂಗಳನ್ನು ಗೆರೆ ಎಳೆದು ಮಾಡಿಕೊಂಡೆ. ಐದನೆಯ ಕಲಮೊಂದು ಬೇಕಾಗಿತ್ತೆಂಬುದು ಬೇಸಿಗೆ ಬರುವ ತನಕ ನನಗೆ ಹೊಳೆಯಲಿಲ್ಲ.

ಮೊದಲನೆಯ ತಪ್ಪು ಪುಡಿಯಲ್ಲಿತ್ತು. ಮಂಡಿಪೇಟೆಯಿಂದ ತರುತ್ತಿದ್ದ ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನೇ ಯಂತ್ರಕ್ಕೂ ಹಾಕುತ್ತಿದ್ದೆ. ನಮ್ಮ ದೇಶದ ನಿಯಮದಂತೆ ಕಾಫಿ–ಚಿಕೋರಿ ಮಿಶ್ರಣದಲ್ಲಿ ಶೇ 49ರವರೆಗೂ ಚಿಕೋರಿ ಇರಬಹುದು. ಚಿಕೋರಿಯಲ್ಲಿ ನೀರಿಗೆ ಕರಗುವ ಅಂಶ ಕಾಫಿಗಿಂತ ಹೆಚ್ಚಾಗಿರುವುದರಿಂದ ಲೋಟದಲ್ಲಿ ಕಡುಗಂದು ಬಣ್ಣ ಬೇಗನೆ ಬರುತ್ತದೆ. ಬಣ್ಣ ನೋಡಿ ಸಾರವೆಲ್ಲ ಇಳಿದಿದೆ ಎಂದುಕೊಂಡಿದ್ದೆ. ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದ ಹದಿನೈದು ಇಪ್ಪತ್ತು ನಿಮಿಷ ತೆಗೆದುಕೊಂಡು ಇಳಿಯುವುದಕ್ಕೆ ಆ ಪುಡಿ ಹದವಾಗಿ ಹೊಂದುತ್ತದೆ. ಎಸ್ಪ್ರೆಸೊದಲ್ಲಿ ಅದೇ ಕೆಲಸ 25ರಿಂದ 30 ಸೆಕೆಂಡಿನಲ್ಲಿ, ಸುಮಾರು 9 ಬಾರ್ ಒತ್ತಡದಲ್ಲಿ ಮುಗಿಯಬೇಕು. 9 ಬಾರ್ ಎಂದರೆ ಹೆಚ್ಚು ಕಡಿಮೆ 90 ಮೀಟರ್ ಎತ್ತರದ ನೀರಿನ ಕಂಬವೊಂದು ಆ ಚಿಕ್ಕ ಪುಡಿಯ ಬಿಲ್ಲೆಯ ಮೇಲೆ ನಿಂತಂತೆ. ಹಬೆಯಿಂದಲೇ ನಡೆಯುತ್ತಿದ್ದ ಹಳೆಯ ಇಟಾಲಿಯನ್ ಯಂತ್ರಗಳಲ್ಲಿ ಇಷ್ಟು ಒತ್ತಡವಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಮಿಲಾನಿನ ಅಕಿಲೆ ಗಾಜ್ಜಾ ಸ್ಪ್ರಿಂಗು ಮತ್ತು ಲೀವರಿನ ಯಂತ್ರವನ್ನು ತಂದ ಮೇಲೆಯೇ ಎಸ್ಪ್ರೆಸೊದ ಮೇಲೆ ಇಂದು ನಾವು ಕಾಣುವ ಹೊಂಬಣ್ಣದ ನೊರೆ, ಅಂದರೆ ಕ್ರೆಮಾ, ಬಂದಿತು. ಇಷ್ಟು ಒತ್ತಡವನ್ನು ತಡೆದು ನಿಲ್ಲಿಸುವಷ್ಟು ನಯವಾದ ಪುಡಿ ಬೇಕೇ ಬೇಕು. ನನ್ನ ಪುಡಿ ತರಿಯಾಗಿತ್ತು, 18 ಗ್ರಾಂ ಹಾಕಿದರೆ 36 ಗ್ರಾಂ ಕಾಫಿ 11 ಸೆಕೆಂಡಿನಲ್ಲಿ ಸುರಿದುಹೋಗುತ್ತಿತ್ತು. ಕಾಫಿಯಿಂದ ಹುಳಿಯ ಅಂಶ ಮೊದಲು ಇಳಿಯುತ್ತದೆ, ಸಿಹಿ ಆಮೇಲೆ, ಕಹಿ ಕೊನೆಗೆ. 11 ಸೆಕೆಂಡಿನಲ್ಲಿ ನೀರು ಹುಳಿಯನ್ನಷ್ಟೇ ಹೊತ್ತು ತರುತ್ತಿತ್ತು.

ಚಿಕ್ಕಮಗಳೂರಿನ ನೆಂಟರು ಕಳುಹಿಸಿದ, ಹುರಿದು ಹತ್ತು ದಿನವಾಗಿದ್ದ ಅರೇಬಿಕಾ ಬೀಜವನ್ನು ಮಿಕ್ಸಿಗೆ ಹಾಕಿದ್ದು ಎರಡನೆಯ ತಪ್ಪು. ಮಿಕ್ಸಿಯ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಹೊಡೆದು ಒಡೆಯುತ್ತದೆ. ಹೀಗಾಗಿ ಗೋಧಿ ಹಿಟ್ಟಿನಂತಹ ಧೂಳೂ ಚಿರೋಟಿ ರವೆಯಂತಹ ತರಿಯೂ ಒಂದೇ ಜಾರಿನಲ್ಲಿ ಕೂಡಿರುತ್ತವೆ. ಧೂಳಿನಿಂದ ಕಹಿ, ತರಿಯಿಂದ ಹುಳಿ, ಎರಡೂ ಒಂದೇ ಲೋಟಕ್ಕೆ ಬಂದವು. ಬೀಜವನ್ನು ಎರಡು ಹಲ್ಲುಗಳ ನಡುವೆ ಸಮನಾಗಿ ಅರೆಯುವ, ಕೈಯಿಂದ ತಿರುಗಿಸುವ ಬರ್ ಗ್ರೈಂಡರ್ ಕೊಂಡೆ. ಯಂತ್ರಕ್ಕಿಂತ ಗ್ರೈಂಡರಿಗೆ ಹೆಚ್ಚು ಹಣ ಎತ್ತಿಡಬೇಕೆಂದು ನಾನೀಗ ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ. ಗ್ರೈಂಡರಿನ ತಿರುಪನ್ನು ಒಂದೊಂದೇ ಕ್ಲಿಕ್ ತಿರುಗಿಸಿ ಪುಡಿಯನ್ನು ನಯಗೊಳಿಸುತ್ತ ಹೋದಂತೆ ಸಮಯ 19 ಸೆಕೆಂಡಿಗೆ, ನಾಲ್ಕು ದಿನದ ನಂತರ 27ಕ್ಕೆ ಬಂದಿತು.

ಇದೇ ಹೊತ್ತಿಗೆ ಬಾಸ್ಕೆಟ್, ಅಂದರೆ ಪುಡಿ ತುಂಬುವ ತೂತಿನ ಬಟ್ಟಲನ್ನು ಕೂಡ ಬದಲಿಸಿದೆ. ಯಂತ್ರದೊಡನೆ ಬಂದಿದ್ದುದು ಎರಡು ತಳದ ಬಾಸ್ಕೆಟ್. ಅದರ ಕೆಳತಳದಲ್ಲಿ ಒಂದೇ ಒಂದು ಸೂಜಿಮೊನೆಯ ತೂತಿರುತ್ತದೆ, ಪುಡಿ ಹೇಗೇ ಇರಲಿ ಆ ತೂತೇ ಒತ್ತಡ ಹುಟ್ಟಿಸಿ ನೊರೆ ತರುತ್ತದೆ. ಹಳೆಯ ಪುಡಿಯಲ್ಲೂ ದಪ್ಪ ನೊರೆ ಬರುತ್ತಿದ್ದುದರಿಂದ ತಪ್ಪು ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ತಳದ ತುಂಬ ತೂತುಗಳಿರುವ ಒಂದೇ ತಳದ ಬಾಸ್ಕೆಟ್ ಹಾಕಿದ ದಿನ ನನ್ನ ಕೈಯ ದೋಷಗಳೆಲ್ಲ ಬಯಲಿಗೆ ಬಂದವು.

ಮುಖ್ಯವಾದ ದೋಷ ಚಾನೆಲಿಂಗ್. ತಳ ತೆರೆದ ಪೋರ್ಟಾಫಿಲ್ಟರನ್ನು, ಅಂದರೆ ಬಾಸ್ಕೆಟ್ ಕೂರುವ ಹಿಡಿಕೆಯನ್ನು, ಯಂತ್ರಕ್ಕೆ ಸಿಕ್ಕಿಸಿ ಕೆಳಗಿನಿಂದ ಬಗ್ಗಿ ನೋಡಿದೆ. ಮೊದಲ ಆರೇಳು ಸೆಕೆಂಡು ಏನೂ ಇಲ್ಲ. ಆಮೇಲೆ ಕಪ್ಪು ಹನಿಗಳು ಎಡ ಅಂಚಿನಲ್ಲಿ ಮಾತ್ರ ಮೂಡಿದವು, ಬಲಭಾಗ ಒಣಗಿಯೇ ಇತ್ತು. ಕೂಡಲೇ ಎಡ ಅಂಚಿನಿಂದ ದಾರದೆಳೆಯಷ್ಟು ತೆಳ್ಳನೆಯ ಚಿಲುಮೆಯೊಂದು ಓರೆಯಾಗಿ ಸಿಡಿದು ನನ್ನ ಮೊಣಕೈಗೆ ತಾಗಿತು, ಕಾಫಿಯ ಬಣ್ಣ ಹತ್ತು ಸೆಕೆಂಡಿನಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಬಾಸ್ಕೆಟ್ ತೆಗೆದು ನೋಡಿದರೆ ಒತ್ತಿದ ಪುಡಿಯ ಅಂಚಿನಲ್ಲಿ ಇರುವೆಗೂಡಿನ ಬಾಯಿಯಂತಹ ಒಂದು ರಂಧ್ರ. ಭದ್ರಾ ನಾಲೆಯ ನೀರು ಹಾಯುವ ಗದ್ದೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ: ಬದುವಿನಲ್ಲಿ ಒಂದು ಏಡಿ ತೂತು ಕೊರೆದರೆ ಮಡಿಯ ನೀರೆಲ್ಲ ಅಲ್ಲಿಂದಲೇ ನುಗ್ಗಿ ಹೋಗುತ್ತದೆ, ಉಳಿದ ಮಡಿ ಒಣಗುತ್ತದೆ. ನೀರು ನುಗ್ಗಿದ ದಾರಿಯ ಪುಡಿಯಿಂದ ಕಹಿಯೂ ಒಗರೂ ಇಳಿಯುತ್ತವೆ, ತೋಯದೆ ಉಳಿದ ಪುಡಿ ತನ್ನ ಸಿಹಿಯನ್ನು ಬಿಡುವುದೇ ಇಲ್ಲ.

ಪುಡಿಯಲ್ಲಿದ್ದ ಗಂಟುಗಳೇ ಇದಕ್ಕೆ ಕಾರಣವಾಗಿದ್ದವು. ನಮ್ಮೂರಿನ ಒಣ ಹವೆಯಲ್ಲಿ ಬೀಜ ಅರೆಯುವಾಗ ಸ್ಥಿರವಿದ್ಯುತ್ತು ಹುಟ್ಟಿ, ಪುಡಿ ಗ್ರೈಂಡರಿನ ಗೋಡೆಗೆ ಅಂಟಿಕೊಂಡು ಉಂಡೆಉಂಡೆಯಾಗಿ ಬೀಳುತ್ತಿತ್ತು. ಅರೆಯುವ ಮುನ್ನ ಒದ್ದೆ ಚಮಚದ ಹಿಂಬದಿಯಿಂದ ಬೀಜವನ್ನು ಒಮ್ಮೆ ಕಲಕಿದರೆ, ಅಂದರೆ ಒಂದು ಹನಿಯಷ್ಟು ತೇವ ತಾಗಿದರೆ, ಆ ಅಂಟುವಿಕೆ ಬಹುಮಟ್ಟಿಗೆ ಹೋಗುತ್ತದೆ. ಬೆಂಡಿನ ಬಿರಡೆಯೊಂದಕ್ಕೆ ನಾಲ್ಕು ತೆಳು ಸೂಜಿಗಳನ್ನು ಚುಚ್ಚಿ, ಅದರಿಂದ ಬಾಸ್ಕೆಟಿನ ಪುಡಿಯನ್ನು ತಳದವರೆಗೆ ಸುತ್ತಿಸುತ್ತ ಗಂಟು ಬಿಡಿಸಿ, ಆಮೇಲೆ ಟ್ಯಾಂಪರಿನಿಂದ ಒತ್ತುತ್ತೇನೆ. ಎಷ್ಟು ಬಿಗಿಯಾಗಿ ಒತ್ತಬೇಕೆಂದು ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಪುಡಿ ಇನ್ನು ಕುಗ್ಗುವುದಿಲ್ಲ ಎನ್ನುವವರೆಗೆ ಒತ್ತಿದರೆ ಸಾಕು. ಓರೆಯಾಗದೆ ಸಮತಟ್ಟಾಗಿ ಒತ್ತುವುದು ಅದಕ್ಕಿಂತ ಬಹಳ ಮುಖ್ಯ.

ಫೆಬ್ರವರಿಯ ಹೊತ್ತಿಗೆ ಬೆಳಗಿನ ಶಾಟ್, ಅಂದರೆ ಒಂದು ಸಲಕ್ಕೆ ಇಳಿಸುವ ಕಾಫಿ, ಸ್ಥಿರವಾಯಿತು: 18 ಗ್ರಾಂ, 36 ಗ್ರಾಂ, 28 ಸೆಕೆಂಡು. ಬಿಸಿ ಹಾಲು ಬೆರೆಸಿ ಕೊಟ್ಟರೆ ಅತ್ತೆಯವರೂ ಲೋಟ ಖಾಲಿ ಮಾಡತೊಡಗಿದರು. ಆದರೆ ಮಾರ್ಚಿನಲ್ಲಿ ಬಿಸಿಲೇರಿದ ಮೇಲೆ ಸಂಜೆಯ ಶಾಟ್ ಮತ್ತೆ ಹುಳಿಯಾಯಿತು. ಬೀಜ ಅದೇ, ಕ್ಲಿಕ್ ಅದೇ, ತೂಕ ಅದೇ. ಹುಳಿಯಾದರೆ ಪುಡಿಯನ್ನು ಇನ್ನಷ್ಟು ನಯ ಮಾಡಬೇಕೆಂಬುದು ಎಲ್ಲರೂ ಹೇಳುವ ಸೂತ್ರ, ಬೆಳಿಗ್ಗೆ ಅದು ನನಗೆ ಫಲವನ್ನೂ ಕೊಟ್ಟಿತ್ತು. ಎರಡು ಕ್ಲಿಕ್ ನಯ ಮಾಡಿದೆ. ಸಮಯ 42 ಸೆಕೆಂಡಿಗೆ ಏರಿತು, ಕಾಫಿ ಹನಿಹನಿಯಾಗಿ ತೊಟ್ಟಿಕ್ಕಿತು, ಆದರೂ ಹುಳಿ ಹೋಗಲಿಲ್ಲ. ನೋಟ್‌ಬುಕ್ಕಿನಲ್ಲಿ ‘42’ ಮತ್ತು ‘ಹುಳಿ’ ಅಕ್ಕಪಕ್ಕದಲ್ಲಿ ಬಿದ್ದುದನ್ನು ನೋಡಿ ಬಹಳ ಹೊತ್ತು ಕುಳಿತೆ. ಬೇಗ ಇಳಿದು ಹುಳಿಯಾದರೆ ಅರ್ಥವಾಗುತ್ತದೆ. ನಿಧಾನವಾಗಿ ಇಳಿದೂ ಹುಳಿಯಾದರೆ ದೋಷ ಪುಡಿಯಲ್ಲಿರಲಾರದು. ಹಾಗಾದರೆ ಉಳಿದದ್ದು ನೀರಿನ ಕಾವು.

ಬಾಸ್ಕೆಟ್ ಹಾಕದೆ ನೀರನ್ನಷ್ಟೇ ಒಂದು ಥರ್ಮೋಕೋಲ್ ಲೋಟಕ್ಕೆ ಬಿಟ್ಟು ಅಡುಗೆಯ ಥರ್ಮಾಮೀಟರ್ ಇಳಿಬಿಟ್ಟೆ. ಬೆಳಿಗ್ಗೆ 91 ಡಿಗ್ರಿ ಸೆಲ್ಸಿಯಸ್, ಸಂಜೆ 84. ಲೋಟದಲ್ಲಿ ಅಳೆದಾಗ ಒಂದೆರಡು ಡಿಗ್ರಿ ಕಡಿಮೆಯೇ ತೋರಿಸುತ್ತದೆ, ಆದರೆ ಎರಡನ್ನೂ ಹೋಲಿಸುವುದಕ್ಕೆ ಅಷ್ಟು ಸಾಕು. ಎಸ್ಪ್ರೆಸೊಗೆ 90ರಿಂದ 96 ಡಿಗ್ರಿ ಬೇಕು. ಯಂತ್ರದ ಒತ್ತಡದ ಮುಳ್ಳು ಕೂಡ ಬೆಳಿಗ್ಗೆ 9ರ ಗೆರೆಗೆ ಬರುತ್ತಿದ್ದುದು ಸಂಜೆ 6ನ್ನು ದಾಟುತ್ತಿರಲಿಲ್ಲ. ಕಾವೂ ಒತ್ತಡವೂ ಒಟ್ಟಿಗೆ ಬಿದ್ದಿರುವಾಗ ಅವೆರಡಕ್ಕೂ ಮೂಲವಾದ ಕರೆಂಟಿನತ್ತ ತಿರುಗದೆ ದಾರಿಯಿರಲಿಲ್ಲ. ಮರುದಿನ ಮಲ್ಟಿಮೀಟರನ್ನು ಅಡುಗೆಮನೆಯ ಪ್ಲಗ್ಗಿಗೆ ಇಟ್ಟೆ: ಬೆಳಿಗ್ಗೆ ಆರಕ್ಕೆ 228 ವೋಲ್ಟ್, ಸಂಜೆ ಏಳಕ್ಕೆ 186. ನಮ್ಮದು ಟ್ರಾನ್ಸ್‌ಫಾರ್ಮರಿನಿಂದ ಬರುವ ತಂತಿಯ ಕಟ್ಟಕಡೆಯ ಮನೆ. ಬೇಸಿಗೆಯ ಸಂಜೆ ಬೀದಿಯ ಕೂಲರು, ಎಸಿಗಳೆಲ್ಲ ಒಟ್ಟಿಗೆ ಓಡುವಾಗ ತಂತಿಯುದ್ದಕ್ಕೂ ವೋಲ್ಟೇಜು ಕುಸಿಯುತ್ತ ಬರುತ್ತದೆ.

ತರಗತಿಯಲ್ಲಿ ಪ್ರತಿ ವರ್ಷ ಬರೆಸುವ ಸಮೀಕರಣವೇ ಇಲ್ಲಿ ಎದುರಾಯಿತು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 230 ವೋಲ್ಟಿಗೆ 1,200 ವ್ಯಾಟ್ ಇರುವ ನನ್ನ ಹೀಟರ್ 186 ವೋಲ್ಟಿಗೆ ಸುಮಾರು 785 ವ್ಯಾಟ್ ಮಾತ್ರ ಕೊಡುತ್ತದೆ. ವೋಲ್ಟೇಜು ಐದನೇ ಒಂದರಷ್ಟು ಇಳಿದರೆ ಹೀಟರಿನ ಶಕ್ತಿ ಮೂರನೇ ಒಂದರಷ್ಟು ಇಳಿಯಿತು ಎಂದಾಯಿತು. ಮನೆಯ ಯಂತ್ರಗಳಲ್ಲಿರುವ ಕಂಪನದ ಪಂಪು ಕೂಡ ವೋಲ್ಟೇಜು ಬಿದ್ದರೆ ಸೋಲುತ್ತದೆ.

ಇದರಲ್ಲಿ ನನ್ನ ಪಾಲೂ ಇತ್ತೆಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಯಂತ್ರದ ಸ್ವಿಚ್ ಹಾಕಿ ಸ್ನಾನ ಮುಗಿಸಿ ಬರುತ್ತಿದ್ದೆ, ಅಷ್ಟರಲ್ಲಿ ಇಪ್ಪತ್ತೈದು ನಿಮಿಷ ಕಳೆದಿರುತ್ತಿತ್ತು. ಸಂಜೆ ಕಾಲೇಜಿನ ಕೆಲಸ, ಪೇಟೆಯ ಕೆಲಸ ಮುಗಿಸಿ ಮನೆ ಸೇರಿದವಳು ಸಿದ್ಧವೆಂದು ದೀಪ ಹತ್ತಿದೊಡನೆ ಶಾಟ್ ಎಳೆಯುತ್ತಿದ್ದೆ. ಆ ದೀಪ ಬಾಯ್ಲರಿನ ನೀರಿನ ಕಾವನ್ನು ಹೇಳುತ್ತದೆಯೇ ಹೊರತು, ನೀರು ಹಾದುಬರುವ ದಪ್ಪ ಲೋಹದ ತಲೆಯೂ ಪೋರ್ಟಾಫಿಲ್ಟರೂ ಬಿಸಿಯಾಗಿವೆಯೇ ಎಂಬುದನ್ನು ಹೇಳುವುದಿಲ್ಲ. ಎರಡು ಕಾರಣಗಳನ್ನು ಬೇರ್ಪಡಿಸಲೇಬೇಕಿತ್ತು. ಒಂದು ಭಾನುವಾರ ಸಂಜೆ, ವೋಲ್ಟೇಜು 188 ಇರುವಾಗಲೇ, ಪೋರ್ಟಾಫಿಲ್ಟರನ್ನು ಸಿಕ್ಕಿಸಿಟ್ಟು ಅರ್ಧ ಗಂಟೆ ಕಾಯಿಸಿದೆ. ನೀರು 89 ಡಿಗ್ರಿಗೆ ಬಂದಿತು, ಹುಳಿ ಬಹುಪಾಲು ಹೋಯಿತು, ಆದರೆ ಒತ್ತಡ 6ರಲ್ಲೇ ನಿಂತು ಕಾಫಿ ಮಂಕಾಗಿ ತೆಳ್ಳಗಾಗಿತ್ತು. ಕಾವಿನ ಕೊರತೆಯನ್ನು ತಾಳ್ಮೆಯಿಂದ ತುಂಬಬಹುದು, ಪಂಪಿನ ಕೊರತೆಯನ್ನು ತುಂಬಲಾಗುವುದಿಲ್ಲ.

ಫ್ರಿಜ್ಜಿಗೆಂದು ಇಟ್ಟಿದ್ದ ಸಣ್ಣ ಸ್ಟೆಬಿಲೈಸರನ್ನು ಇದಕ್ಕೆ ಜೋಡಿಸಬಾರದೆಂದು ನಮ್ಮ ಎಲೆಕ್ಟ್ರಿಷಿಯನ್ ಎಚ್ಚರಿಸಿದ್ದು ಒಳ್ಳೆಯದಾಯಿತು. ಹೀಟರಿನ ಭಾರವನ್ನು ಅದು ತಡೆಯುತ್ತಿರಲಿಲ್ಲ. 2 ಕೆವಿಎ ಸ್ಟೆಬಿಲೈಸರ್ ತಂದು 16 ಆಂಪಿಯರಿನ ಪ್ಲಗ್ಗಿಗೆ ಹಾಕಿಸಿದೆ. ಹೆಚ್ಚಿಸಿದ್ದ ಎರಡು ಕ್ಲಿಕ್ಕನ್ನು ಹಿಂದಕ್ಕೆ ತಿರುಗಿಸಿದೆ. ಅಂದು ಸಂಜೆಯ ಶಾಟ್ 29 ಸೆಕೆಂಡಿನಲ್ಲಿ ಇಳಿಯಿತು; ಮೊದಲು ಕಡುಗಂದು, ನಂತರ ಜೋನಿಬೆಲ್ಲದ ಬಣ್ಣದ ಒಂದೇ ಎಳೆ, ಬಾಸ್ಕೆಟಿನ ನಟ್ಟನಡುವಿನಿಂದ ಅಲುಗದೆ ಇಳಿಯುವುದನ್ನು ಬಗ್ಗಿ ಕೊನೆಯವರೆಗೂ ನೋಡಿದೆ. ಅಂದೇ ನೋಟ್‌ಬುಕ್ಕಿನಲ್ಲಿ ‘ವೋಲ್ಟೇಜ್’ ಎಂಬ ಐದನೆಯ ಕಲಂ ಸೇರಿಸಿದೆ.

ಬೀಜವನ್ನೂ ಬಿಸಿಲಿನಿಂದ ಕಾಪಾಡಬೇಕಾಯಿತು. ಒಲೆಯ ಮೇಲಿನ ಕಪಾಟಿನ ಸ್ಟೀಲ್ ಡಬ್ಬಿಯಲ್ಲಿ ಎರಡೇ ವಾರಕ್ಕೆ ಪರಿಮಳ ಕುಂದುತ್ತಿತ್ತು. ಈಗ 18 ಗ್ರಾಮಿನ ಪೊಟ್ಟಣಗಳನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಒಂದನ್ನು ಮಾತ್ರ ತೆಗೆಯುತ್ತೇನೆ.

ನೀರಿನ ವಿಷಯವನ್ನೂ ಹೇಳಬೇಕು. ಬೋರ್‌ವೆಲ್ ನೀರನ್ನು ಯಂತ್ರಕ್ಕೆ ಹಾಕಲೇಬಾರದು; ನಮ್ಮ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಕಲ್ಲೇ ಬಾಯ್ಲರಿನೊಳಗೂ ಕಟ್ಟಿ ಕಾವನ್ನು ತಡೆಯುತ್ತದೆ. ಆರ್‌ಒ ನೀರೊಂದನ್ನೇ ಹಾಕಿದರೆ ಕಾಫಿ ಸಪ್ಪೆಯಾಗುತ್ತದೆ, ಏಕೆಂದರೆ ಸಾರವನ್ನು ಸೆಳೆಯಲು ನೀರಿನಲ್ಲಿ ಸ್ವಲ್ಪ ಸುಣ್ಣ, ಮೆಗ್ನೀಸಿಯಂ ಇರಬೇಕು. ನೀರಿನಲ್ಲಿ ಕರಗಿದ ಲವಣಗಳ ಅಳತೆಯಾದ ಟಿಡಿಎಸ್ ನನ್ನ ಮೀಟರಿನಲ್ಲಿ ನಗರದ ನಲ್ಲಿ ನೀರಿಗೆ 240, ಆರ್‌ಒ ನೀರಿಗೆ 30 ತೋರಿಸುತ್ತದೆ. ಸೋಸಿದ ನಲ್ಲಿ ನೀರನ್ನೂ ಆರ್‌ಒ ನೀರನ್ನೂ ಸಮಪಾಲು ಬೆರೆಸಿದರೆ 135ರ ಹತ್ತಿರ ಬರುತ್ತದೆ, ರುಚಿಗೂ ಯಂತ್ರಕ್ಕೂ ಅದು ಹೊಂದಿದೆ. ಎರಡು ತಿಂಗಳಿಗೊಮ್ಮೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು ಕರಗಿಸಿ ಒಳಗೆಲ್ಲ ಹಾಯಿಸಿ, ಕಾಲು ಗಂಟೆ ಬಿಟ್ಟು, ಮೂರು ಟ್ಯಾಂಕ್ ಒಳ್ಳೆಯ ನೀರಿನಿಂದ ತೊಳೆಯುತ್ತೇನೆ. ತೊಳೆದ ದಿನದ ಮೊದಲ ಶಾಟನ್ನು ಕುಡಿಯದೆ ಚೆಲ್ಲಿ, ಎರಡನೆಯದನ್ನು ಮಾತ್ರ ನೋಟ್‌ಬುಕ್ಕಿಗೆ ಬರೆಯುತ್ತೇನೆ.